ಮೊಸ್ಕೇನಿಯೋ ಮೊಶೆನಿಯೋ? ಇಟಾಲಿಯನ್ ಹೆಸರುಗಳನ್ನು ಓದುವ ಕ್ರಮ

ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ, ಛಾವಣಿಗಳಿಗೆ ಚಿತ್ರ ಬರೆದ ಯೇಸುಸಭೆಯ ಬ್ರದರ್ ಅಂತೋನಿಯೊ ಅವರ ಮನೆತನದ ಹೆಸರನ್ನು ಕೆಲವರು 'ಮೊಶೆನಿ' ಎನ್ನುತ್ತಾರೆ, ಕೆಲವರು 'ಮೋಸ್ಚೆನಿ' ಎನ್ನುತ್ತಾರೆ. ಸರಿಯಾದುದು 'ಮೊಸ್ಕೇನಿ'. ಇಟಾಲಿಯನ್‌ನಲ್ಲಿ ಸಿ, ಎಚ್ ಕೂಡಿ ಬಂದರೆ ಕಕಾರ.

ಇಟಲಿಯ ಯೇಸುಸಭೆಯವರು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಂದಿನಿಂದ ಇಂಥ ಹೆಸರುಗಳು ನಮ್ಮ ಕರಾವಳಿಯಲ್ಲಿವೆ. ಬಲಿಪೂಜೆಯಲ್ಲಿ, ಜುಬಿಲಿ ಸಭೆಯಲ್ಲಿ ಅವುಗಳನ್ನು ಗಟ್ಟಿಯಾಗಿ ಓದುವವರು ನಮ್ಮ ವಾಚಕರೇ. ಹೆಸರು ಹೇಳಿ ಪ್ರಾರ್ಥಿಸುವಾಗ ಆ ಹೆಸರಾದರೂ ಸರಿಯಿರಬೇಡವೇ?

ಇಟಾಲಿಯನ್ ಪದಗಳನ್ನು ಬಿಡಿಸುವುದು ಕನ್ನಡಿಗರಿಗೆ ಕಷ್ಟವಲ್ಲ. ಹೆಚ್ಚಿನ ಭಾಗಗಳು ನಮ್ಮ ಅಕ್ಷರಗಳಂತೆ ಸ್ವರದಲ್ಲೇ ಮುಗಿಯುತ್ತವೆ. ಒಂದೇ ವ್ಯಂಜನ ಜೋಡಿಯಾಗಿ ಬಂದರೆ ಅದು ನಮ್ಮ ಒತ್ತಕ್ಷರವೇ: ಅಸ್-ಸೀ-ಸಿ, ಜೊ-ವನ್-ನಿ. ಇಂಗ್ಲಿಷ್ ಓದುವ ಕಣ್ಣು ಈ ಜೋಡಿಯನ್ನು ನುಂಗಿಬಿಡುತ್ತದೆ; 'ಹಳಿ' ಬೇರೆ 'ಹಳ್ಳಿ' ಬೇರೆ ಎಂದು ಬಲ್ಲ ಕಿವಿ ನುಂಗಬಾರದು. 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ ಮರುವರ್ಷ ಇಂಗ್ಲಿಷ್-ಕೊಂಕಣಿ ನಿಘಂಟನ್ನೂ ಕೊಟ್ಟ ಫಾದರ್ ಅವರ ಹೆಸರು 'ಮಫ್ಫೇಯಿ', 'ಮಾಫಿ' ಅಲ್ಲ.

ನಾವು ಎಡವುವುದು ಸ್ವರಾಘಾತದಲ್ಲಿ, ಅಂದರೆ ಪದದ ಯಾವ ಭಾಗವನ್ನು ಬಲವಾಗಿ ಹೇಳಬೇಕು ಎಂಬಲ್ಲಿ. ಸಾಮಾನ್ಯವಾಗಿ ಅದು ಕೊನೆಯಿಂದ ಎರಡನೆಯ ಭಾಗ. ಅದು ಸ್ವರದಲ್ಲಿ ಮುಗಿದರೆ ಆ ಸ್ವರ ಎಳೆಯುತ್ತದೆ. ಕನ್ನಡದಲ್ಲಿ ದೀರ್ಘ ಕೊಟ್ಟರೆ ಸಾಕು: ಮೊಸ್ಕೇನಿ, ರೊಮಾನೊ. ಮುಂದೆ ಒತ್ತಕ್ಷರವಿದ್ದರೆ ದೀರ್ಘ ಬೇಡ: ಜೊವನ್ನಿ. ಕೊನೆಯ ಸ್ವರವನ್ನಂತೂ ಎಳೆಯಲೇಬಾರದು. ನಮ್ಮ ಹಿರಿಯರು 'ಅಂತೋನಿ' ಎಂದಾಗ 'ತೋ' ಸರಿಯಾದ ಜಾಗದಲ್ಲೇ ಇತ್ತು. ಇಂಗ್ಲಿಷ್ ಕಲಿತ ನಾವು ಅದನ್ನು 'ಆಂಟನಿ' ಮಾಡಿದೆವು.

ಆದರೆ ಆ ಸಂತರ ಊರಿನ ಹೆಸರು ಈ ನಿಯಮಕ್ಕೆ ಸಿಗದು. ಅದು ಪಾದೊವ, ಬಲ ಮೊದಲ ಅಕ್ಷರಕ್ಕೆ. ನಾಪೊಲಿಯೂ ಹಾಗೆಯೇ. ಮೊಸ್ಕೇನಿಯವರು 1854ರಲ್ಲಿ ಹುಟ್ಟಿದ್ದು ಬೆರ್ಗಮೊ ಬಳಿ. ಅದನ್ನು 'ಬೆರ್ಗಾಮೊ' ಎನ್ನಬಾರದು. ಇಂಥಲ್ಲಿ ಬರವಣಿಗೆಯಲ್ಲಿ ಯಾವ ಗುರುತೂ ಇರುವುದಿಲ್ಲ. ಬಲ ಕೊನೆಯ ಸ್ವರಕ್ಕೆ ಬಿದ್ದರೆ ಮಾತ್ರ ಅದರ ಮೇಲೆ ಗೆರೆ ಎಳೆಯುತ್ತಾರೆ: 'ಪಿಯೆತಾ'. ಗೆರೆಯಿಲ್ಲದ 'ಪಾಪ' ಎಂದರೆ ಪೋಪ್, ಗೆರೆಯಿರುವ 'ಪಪಾ' ಎಂದರೆ ಅಪ್ಪ. (ಕನ್ನಡದಲ್ಲಿ ಮೊದಲನೆಯದರ ಅರ್ಥವೇ ಬೇರೆ, ಜಾಗ್ರತೆ!)

ವಾಚಕರು ಹೆಸರನ್ನು ಹಿಂದಿನ ದಿನವೇ ಕನ್ನಡದಲ್ಲಿ ದೀರ್ಘ, ಒತ್ತು ಸಹಿತ ಬರೆದಿಟ್ಟುಕೊಳ್ಳಲಿ. ಸಂಶಯ ಬಂದರೆ ಇಟಾಲಿಯನ್ ನಿಘಂಟು ನೋಡಬಹುದು, ಅಥವಾ ರೋಮಿನಲ್ಲಿ ಓದಿ ಬಂದ ಗುರುಗಳನ್ನು ಕೇಳಬಹುದು.