ಮರೆಯಲ್ಲಿ ಬರುವ ಕ್ಷಯ



ಕ್ಷಯಕ್ಕೆ ನಮ್ಮ ಪ್ರಾಚೀನ ವೈದ್ಯಗ್ರಂಥಗಳು ಇತ್ತ ಹೆಸರು ರಾಜಯಕ್ಷ್ಮ. ದಕ್ಷನ ಶಾಪದಿಂದ ಚಂದ್ರನಿಗೆ ತಗುಲಿದ ರೋಗವದು ಎಂಬುದು ಪುರಾಣದ ಮಾತು. ಈ ಹಳೆಯ ರೋಗವು ಎಚ್‌ಐವಿ ಎಂಬ ಹೊಸ ಸೋಂಕಿನೊಡನೆ ಕೂಡಿದಾಗ ಅದರ ರೂಪವೇ ಬದಲಾಗುತ್ತದೆ. ಅದು ಹೇಗೆಂಬುದೇ ಈ ದಿನದ ವಿಚಾರ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದುದು 1986ರಲ್ಲಿ, ಮದರಾಸಿನಲ್ಲಿ. ದೇಹದ ರಕ್ಷಣೆಗೆ ನಿಂತ ಸಿಡಿ4 ಜೀವಕೋಶಗಳನ್ನು ಈ ವೈರಾಣು ನಾಶಮಾಡುತ್ತದೆ. ಕ್ಷಯದ ಕ್ರಿಮಿಯಾದರೋ ಅನೇಕರ ಶ್ವಾಸಕೋಶಗಳಲ್ಲಿ ವರ್ಷಗಟ್ಟಲೆ ನಿದ್ರಿಸುತ್ತಿರುತ್ತದೆ. ಆರೋಗ್ಯವಂತರಲ್ಲಿ ಅದು ಎಚ್ಚರಗೊಳ್ಳುವ ಸಂಭವ ಜೀವಮಾನದಲ್ಲಿ ನೂರಕ್ಕೆ 5ರಿಂದ 10. ಎಚ್‌ಐವಿ ಇದ್ದೂ ಚಿಕಿತ್ಸೆ ದೊರೆಯದವರಲ್ಲಿ ಸುಮಾರು ಅಷ್ಟೇ ಸಂಭವ ಒಂದೊಂದು ವರ್ಷಕ್ಕೂ ಉಂಟು. ಜಗತ್ತಿನಲ್ಲಿ ಎಚ್‌ಐವಿ ಉಳ್ಳವರ ಮರಣಕ್ಕೆ ಪ್ರಧಾನ ಕಾರಣ ಕ್ಷಯವೇ.

ಇಲ್ಲಿ ಒಂದು ವಿಚಿತ್ರವಿದೆ. ಕ್ಷಯದಲ್ಲಿ ಶ್ವಾಸಕೋಶಕ್ಕೆ ಕುಳಿ ಬೀಳುವುದು ಬಹುಮಟ್ಟಿಗೆ ದೇಹವು ಕ್ರಿಮಿಯೊಡನೆ ನಡೆಸಿದ ಹೋರಾಟದ ಫಲ. ಆ ಕುಳಿಗಳಿಂದಲೇ ಕಫದಲ್ಲಿ ಕ್ರಿಮಿಗಳು ಹೇರಳವಾಗಿ ಬರುತ್ತವೆ. ಹೋರಾಡುವ ಸೈನ್ಯವೇ ಸೋತಾಗ ಕುಳಿ ಬೀಳದು; ಸೂಕ್ಷ್ಮದರ್ಶಕಕ್ಕೆ ಕ್ರಿಮಿ ಕಾಣದೆ ಹೋಗಬಹುದು; ಎಕ್ಸ್‌ರೇ ಕೂಡ ನಿರ್ಮಲವಾಗಿ ತೋರಬಹುದು. ರೋಗ ಉಲ್ಬಣಿಸಿದೆ, ಸಾಕ್ಷಿ ಮಾತ್ರ ಇಲ್ಲ! ಆದಕಾರಣ ಎಚ್‌ಐವಿ ಉಳ್ಳವರಲ್ಲಿ ಕೆಮ್ಮು, ಜ್ವರ, ತೂಕದ ಇಳಿತ, ರಾತ್ರಿಯ ಬೆವರು, ಇವುಗಳಲ್ಲಿ ಒಂದೇ ಕಂಡರೂ, ಎರಡು ವಾರ ಕಾಯದೆ, ಕ್ರಿಮಿಯ ವಂಶವಾಹಿಯನ್ನು ಗುರುತಿಸುವ ಪರೀಕ್ಷೆ ಮಾಡಿಸಬೇಕು.

ನಾನು ವಾಸಿಸುವ ಹೆಗ್ಗನಹಳ್ಳಿ ಪೀಣ್ಯದ ಕಾರ್ಖಾನೆಗಳಿಗೆ ಸಮೀಪ. ಗಾಳಿಯಾಡದ ಒಂಟಿ ಕೋಣೆಯ ಬಾಡಿಗೆಮನೆಗಳಲ್ಲಿ ಕೆಮ್ಮು ಕೇಳಿಸಿದರೆ, "ಫ್ಯಾಕ್ಟರಿ ಧೂಳು" ಎಂದು ಸುಮ್ಮನಾಗುತ್ತಾರೆ. ಎಚ್‌ಐವಿ ಇದ್ದವರಿಗಂತೂ ಮನೆ ಬಿಡಿಸಿಯಾರೆಂಬ ಭಯ. ಹಾಗೆ ಬಿಡಿಸುವುದನ್ನು 2017ರ ಕಾಯಿದೆ ನಿಷೇಧಿಸಿದೆಯೆಂಬುದು ಎಷ್ಟು ಮಂದಿಗೆ ಗೊತ್ತು?

ತಪ್ಪೆಲ್ಲ ರೋಗಿಯದೇ ಎನ್ನುವವರು ಒಂದು ಹಳೆಯ ಅಧ್ಯಯನವನ್ನು ನೆನೆಯಬೇಕು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ವಿಚಾರಿಸಿ, 1963ರಲ್ಲಿ ಪ್ರಕಟಿಸಿದರು: ಕ್ಷಯಪೀಡಿತರಲ್ಲಿ ಅರ್ಧದಷ್ಟು ಮಂದಿ ತಾವಾಗಿಯೇ ಚಿಕಿತ್ಸೆಯನ್ನು ಅರಸಿ ಹೋಗಿದ್ದರು. ರೋಗಿ ಬಾಗಿಲಿಗೆ ಬಂದಿದ್ದನು. ಗುರುತಿಸಬೇಕಾದ ಹೊಣೆ ಒಳಗಿದ್ದವರದು.

ಗುರುತಿಸಿದರೆ ಪರಿಹಾರವುಂಟು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ ಸಾಕು. ಮೊದಲು ಕ್ಷಯದ ಮಾತ್ರೆ, ಕೆಲವು ವಾರಗಳೊಳಗೆ ಎಚ್‌ಐವಿಯ ಮಾತ್ರೆ, ಇದು ಕ್ರಮ. ಎಚ್‌ಐವಿಯ ಮಾತ್ರೆಯನ್ನು 2004ರಿಂದ ಸರ್ಕಾರ ಉಚಿತವಾಗಿ ಕೊಡುತ್ತಿದೆ. ಅದನ್ನು ಬದುಕಿರುವವರೆಗೂ ಸೇವಿಸಬೇಕು. ಕ್ಷಯವಿಲ್ಲದವರಿಗೆ ಅದು ಬಾರದಂತೆ ತಡೆಯುವ ಮಾತ್ರೆಯೂ ಇದೆ.

ನೆರೆಮನೆಯ ಕೆಮ್ಮು ಕೇಳಿದಾಗ ಬಾಗಿಲು ಹಾಕಿಕೊಳ್ಳದೆ, "ಬನ್ನಿ, ತೋರಿಸಿಕೊಂಡು ಬರೋಣ" ಎನ್ನುವುದು ನಮ್ಮ ಪಾಲಿನ ಚಿಕಿತ್ಸೆ.