ಗೋಗಿಯ ಕಲ್ಲು, ಲೋಕದ ಧಾರಣೆ

ಶಹಾಪುರದ ಬೆಟ್ಟಸಾಲು ದೂರದಿಂದ ನೋಡುವವರಿಗೆ ಮಲಗಿದ ಬುದ್ಧನಂತೆ ತೋರುವುದೆಂಬುದನ್ನು ನಮ್ಮ ಸೀಮೆಯ ಮಕ್ಕಳೆಲ್ಲರೂ ಬಲ್ಲರು. ಅದೇ ತಾಲೂಕಿನ ಗೋಗಿ ಗ್ರಾಮದಲ್ಲಿ ಬಿಜಾಪುರದ ಆದಿಲಶಾಹಿ ವಂಶದ ಮೂಲಪುರುಷನಾದ ಯೂಸುಫ್ ಆದಿಲಶಹನ ಸಮಾಧಿಯಿದೆ. ಇದು ಪಾಠಪುಸ್ತಕದ ಮಾತಾಯಿತು. ಆದರೆ ೧೯೯೦ರ ದಶಕದಲ್ಲಿ ಭಾರತ ಸರಕಾರದ ಪರಮಾಣು ಖನಿಜ ಶೋಧಕರು ಆ ಊರಿನ ನೆಲದಡಿಯಲ್ಲಿ ಯುರೇನಿಯಂ ಇರುವುದನ್ನು ಕಂಡುಕೊಂಡ ಮೇಲೆ ಗೋಗಿಯ ಹೆಸರು ಭೂಗರ್ಭಶಾಸ್ತ್ರಜ್ಞರ ಬಾಯಲ್ಲಿಯೂ ಓಡಾಡತೊಡಗಿತು.

ಅಲ್ಲಿಯವನೇ ಆದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ಮನೆಗೆ ಬಂದಿದ್ದಾಗ, "ಗುರುಗಳೇ, ನಮ್ಮ ಹೊಲದ ಕೆಳಗೆ ಬಂಗಾರಕ್ಕಿಂತ ದೊಡ್ಡ ವಸ್ತುವಿದೆಯಂತೆ. ಗಣಿ ಬಂದೀತೋ ಬಾರದೋ? ಹೊಸ ಬಾವಿ ತೋಡಿಸಲೋ ಬೇಡವೋ ತಿಳಿಯದಾಗಿದೆ" ಎಂದನು. ವಸುವನ್ನು, ಎಂದರೆ ಧನವನ್ನು, ಧರಿಸಿದವಳಾದುದರಿಂದ ಭೂಮಿಯು ವಸುಂಧರೆಯೆಂದು ಮೂವತ್ತು ವರುಷ ಬಾಯಿಪಾಠ ಮಾಡಿಸಿದವನು ನಾನು. ಈ ವಸುವಿನ ಬೆಲೆಯೇನೆಂದು ತಿಳಿಯದೆ ಅಂದು ನಾಚಿಕೆಯಾಯಿತು. ಆಮೇಲೆ ಓದಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

೧೭೮೯ರಲ್ಲಿ ಬರ್ಲಿನ್ ನಗರದ ಕ್ಲಾಪ್ರೋತ್ ಎಂಬ ರಸಾಯನಶಾಸ್ತ್ರಜ್ಞನು ಒಂದು ಕಪ್ಪು ಕಲ್ಲಿನಲ್ಲಿ ಹೊಸ ಧಾತುವನ್ನು ಗುರುತಿಸಿ, ಎಂಟು ವರುಷಗಳ ಹಿಂದೆ ಕಂಡುಬಂದಿದ್ದ ಯುರೇನಸ್ ಗ್ರಹದ ಹೆಸರನ್ನು ಅದಕ್ಕಿಟ್ಟನು. ಈ ಶಬ್ದವು ನಮ್ಮ ವರುಣನ ಸೋದರನೆಂದು ಹಿಂದಿನ ಕೆಲವು ಭಾಷಾಪಂಡಿತರು ಊಹಿಸಿದ್ದರು; ಇಂದಿನವರು ಅದನ್ನು ಸುಲಭವಾಗಿ ಒಪ್ಪರು. ಬೊಹೀಮಿಯದ ಯೋಆಕಿಮ್‌ಸ್ಟಾಲ್ ಎಂಬ ಕಣಿವೆಯಲ್ಲಿ ಬೆಳ್ಳಿಯನ್ನು ಅಗೆಯುತ್ತಿದ್ದವರು ಇಂಥ ಕಪ್ಪು ಕಲ್ಲನ್ನು ನಿರುಪಯೋಗಿಯೆಂದು ಬಿಸಾಡುತ್ತಿದ್ದರು. ಆ ಕಣಿವೆಯ ಬೆಳ್ಳಿ ನಾಣ್ಯವಾದ 'ತಾಲರ್' ಎಂಬುದರಿಂದಲೇ ಡಾಲರ್ ಎಂಬ ಮಾತು ಹುಟ್ಟಿತು. ಬಿಸಾಡಿದ ಕಲ್ಲಿಗೆ ಬೆಲೆ ಕಟ್ಟುವ ನಾಣ್ಯವೂ ಅದೇ ಮಣ್ಣಿನ ಮಗುವೆಂಬುದು ವಿನೋದವಲ್ಲವೇ! ಬಹುಕಾಲ ಯುರೇನಿಯಂ ಗಾಜಿಗೆ ಹಳದಿ-ಹಸುರು ಬಣ್ಣ ಕೊಡುವುದಕ್ಕಷ್ಟೇ ಬೇಕಾಗಿತ್ತು. ೧೮೯೮ರಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಧಾತುವನ್ನು ಕಂಡುಹಿಡಿದಾಗಲೂ ಬೆಲೆ ಬಂದುದು ರೇಡಿಯಂಗೆ. ಯುರೇನಿಯಂ ಅದರ ಹಿಂಡಿಯಾಗಿ ಉಳಿಯಿತು.

೧೯೩೮ರ ಕೊನೆಯಲ್ಲಿ ಜರ್ಮನಿಯ ಹಾನ್ ಮತ್ತು ಸ್ಟ್ರಾಸ್‌ಮನ್ ಎಂಬವರ ಪ್ರಯೋಗಗಳಿಂದ ಯುರೇನಿಯಂ ಪರಮಾಣುವು ಒಡೆಯಬಲ್ಲುದೆಂದು ತಿಳಿದೊಡನೆ ಎಲ್ಲವೂ ತಿರುಗಿತು. ಬೆಲ್ಜಿಯಂ ದೇಶದ ಅಧೀನದಲ್ಲಿದ್ದ ಕಾಂಗೋದ ಶಿಂಕೊಲೊಬ್ವೆ ಗಣಿಯ ಕಂಪೆನಿಗೆ ಸೆಂಜಿಯೆ ಎಂಬ ದೂರದೃಷ್ಟಿಯ ಅಧಿಕಾರಿಯಿದ್ದನು. ಅವನು ೧೯೪೦ರಲ್ಲಿ ಸಾವಿರದ ಇನ್ನೂರು ಟನ್ನಿನಷ್ಟು ಅದಿರನ್ನು ನ್ಯೂಯಾರ್ಕಿಗೆ ಸಾಗಿಸಿ ಉಗ್ರಾಣದಲ್ಲಿಡಿಸಿದನು. ಅದು ಎರಡು ವರುಷ ಕೇಳುವವರಿಲ್ಲದೆ ಬಿದ್ದಿದ್ದಿತು. ೧೯೪೨ರಲ್ಲಿ ಅಮೇರಿಕದ ಸೇನೆಯವರು ಕೊಂಡರು. ಮೂರು ವರುಷಗಳ ತರುವಾಯ ಹಿರೋಶಿಮಾ ನಗರಕ್ಕೆ ಆದುದನ್ನು ಹೇಳಬೇಕಾದುದಿಲ್ಲ.

ಯಾದಗಿರಿಯ ಅಡತಿ ಅಂಗಡಿಯಲ್ಲಿ ತೊಗರಿಯ ಧಾರಣೆ ಮಳೆಯನ್ನು ನೋಡಿ ಏರಿಳಿಯುತ್ತದೆ. ಯುರೇನಿಯಂ ಧಾರಣೆ ರಾಜ್ಯಗಳ ಭಯವನ್ನು ನೋಡಿ ಏರಿಳಿಯುತ್ತದೆ. ಮೊದಲು ಸರಕಾರಗಳೇ ಗಿರಾಕಿಗಳು. ಅಮೇರಿಕದ ಸರಕಾರವು ಕೊಳ್ಳುವುದನ್ನು ೧೯೭೦ರ ಹೊತ್ತಿಗೆ ನಿಲ್ಲಿಸಿತು. ೧೯೭೩ರ ತೈಲಸಂಕಟದ ಬಳಿಕ ಪೌಂಡಿಗೆ ಏಳು ಡಾಲರಿನ ಆಸುಪಾಸಿನಲ್ಲಿದ್ದ ಬೆಲೆ ಮೂರೇ ವರುಷಗಳಲ್ಲಿ ನಲವತ್ತಕ್ಕೆ ಹಾರಿತು. ೧೯೮೬ರ ಚೆರ್ನೊಬಿಲ್ ಅಪಘಾತವು ಗಿರಾಕಿಗಳನ್ನು ಹೆದರಿಸಿತು. ೧೯೯೩ರ ಒಪ್ಪಂದದಂತೆ ರಷ್ಯವು ೫೦೦ ಟನ್ ಅಸ್ತ್ರಯೋಗ್ಯ ಯುರೇನಿಯಂ ಅನ್ನು ತೆಳುಗೊಳಿಸಿ ಅಮೇರಿಕದ ವಿದ್ಯುದಾಗಾರಗಳಿಗೆ ಮಾರತೊಡಗಿತು. ೨೦೦೦ದ ಸುಮಾರಿಗೆ ಬೆಲೆ ಪುನಃ ಏಳಕ್ಕೆ ಕುಸಿಯಿತು. ೨೦೦೬ರಲ್ಲಿ ಕೆನಡದ ಸಿಗಾರ್ ಲೇಕ್ ಗಣಿಗೆ ನೀರು ನುಗ್ಗಲು, ಮರುವರುಷವೇ ೧೩೦ ಡಾಲರನ್ನು ಮೀರಿತು. ಫುಕುಶಿಮಾದ (೨೦೧೧) ಅನಂತರ ಇಳಿಯುತ್ತ ೨೦೧೬ರಲ್ಲಿ ಇಪ್ಪತ್ತಕ್ಕಿಂತ ಕೆಳಗೆ. ೨೦೨೪ರ ಜನವರಿಯಲ್ಲಿ ಮತ್ತೆ ನೂರಕ್ಕಿಂತ ಮೇಲೆ!

ಗೋಗಿಯ ಭಾಗ್ಯವೂ ಇದೇ ಉಯ್ಯಾಲೆಯಲ್ಲಿದೆ. ೧೯೭೪ರ ಪೋಖರಣ ಸ್ಫೋಟದ ಮೇಲೆ ಹೊರದೇಶಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿ, ಬಿಹಾರ ಪ್ರಾಂತದ (ಈಗಿನ ಝಾರ್ಖಂಡದ) ಜಾದೂಗುಡದ ಬಡ ಅದಿರೇ ನಮಗೆ ಗತಿಯಾಯಿತು. ಅಲ್ಲಿ ಟನ್ ಕಲ್ಲಿಗೆ ಒಂದು ಕಿಲೋ ಸಹ ದೊರೆಯದು. ಸಿಗಾರ್ ಲೇಕಿನಲ್ಲಾದರೋ ನೂರು ಕಿಲೋವಿಗೂ ಮಿಗಿಲು! ಗೋಗಿಯದು ಜಾದೂಗುಡಕ್ಕಿಂತ ಸತ್ವಶಾಲಿಯಾದ ಅದಿರು. ೨೦೦೭-೦೮ರಲ್ಲಿ ಇಂಧನದ ಅಭಾವದಿಂದ ನಮ್ಮ ಪರಮಾಣು ವಿದ್ಯುದಾಗಾರಗಳು ಅರೆಹೊಟ್ಟೆಯಲ್ಲಿ ನಡೆಯುತ್ತಿದ್ದಾಗ ಗೋಗಿಯಲ್ಲಿ ಪರೀಕ್ಷಾರ್ಥ ಅಗೆತದ ಗದ್ದಲವೂ ಎದ್ದಿತು. ೨೦೦೮ರ ಸೆಪ್ಟೆಂಬರಿನಲ್ಲಿ ಹೊರಗಿನ ಬಾಗಿಲು ತೆರೆಯಿತು. ಕಝಾಕಸ್ತಾನ, ಕೆನಡ, ರಷ್ಯಗಳಿಂದ ಸರಕು ಬಂದಿತು. ಇತ್ತ ಗ್ರಾಮಸ್ಥರ ವಿರೋಧವೂ ಬಲಿಯಿತು. ಆದರೂ ಗೋಗಿಯನ್ನು ಮರೆತರೆನ್ನಲಾಗದು. ಅಂತರರಾಷ್ಟ್ರೀಯ ತಪಾಸಣೆಗೆ ಒಳಪಡದ ಕೈಗಾದಂಥ ಸ್ಥಾವರಗಳಿಗೆ ಸ್ವದೇಶದ ಅದಿರೇ ಬೇಕು. ಕೈಗಾದ ಮೊದಲನೆಯ ಘಟಕವು ೨೦೧೮ರ ಕೊನೆಯವರೆಗೆ ೯೬೨ ದಿನ ಎಡೆಬಿಡದೆ ನಡೆದುದು ಸ್ವದೇಶೀ ಇಂಧನದಿಂದಲೇ.

ಕಲ್ಲಿನಿಂದ ಧಾತುವನ್ನು ಬಿಡಿಸುವುದೂ ಸುಲಭವಲ್ಲ. ಶಹಾಬಾದ್ ಕಲ್ಲಿನ ನೆಲದ ಮೇಲೆ ನಿಂಬೆಯ ರಸ ಬಿದ್ದರೆ ಕಲೆಯಾಗುವುದನ್ನು ಗೃಹಿಣಿಯರು ನೋಡಿದ್ದಾರೆ. ಗೋಗಿಯದೂ ಭೀಮಾ ಪ್ರದೇಶದ ಅಂಥದೇ ಸುಣ್ಣಕಲ್ಲು. ಆಮ್ಲವನ್ನು ಹಾಕಿದರೆ ಸುಣ್ಣವೇ ಅದನ್ನು ಕುಡಿದುಬಿಡುವುದು. ಆದುದರಿಂದ ಸೋಡಾದಂಥ ಕ್ಷಾರಗಳಿಂದ ಬಿಡಿಸಬೇಕು.

ಇನ್ನು ಶಿಷ್ಯನ ಬಾವಿಯ ಮಾತು. ಗಣಿ ಬರಲಿ ಬಾರದಿರಲಿ, ಕಲ್ಲಿನೊಳಗಿನ ಯುರೇನಿಯಂ ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ೩೦ ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಗೋಗಿಯ ಸುತ್ತಿನ ಕೆಲವು ಬಾವಿಗಳಲ್ಲಿ ಅದನ್ನು ಮೀರಿದುದು ಪರೀಕ್ಷೆಗಳಿಂದ ಕಂಡುಬಂದಿದೆ. ಇದರ ಮುಖ್ಯವಾದ ಕೇಡು ಮೂತ್ರಪಿಂಡಗಳಿಗೆ. ಬಟ್ಟೆಯಲ್ಲಿ ಸೋಸಿದರೆ ಹೋಗದು. ಕುದಿಸಿದರೆ ನೀರು ಆರಿ ಅಂಶ ಇನ್ನೂ ಗಾಢವಾಗುವುದು. ಆರ್‌ಒ ಎಂಬ ಶುದ್ಧೀಕರಣ ಯಂತ್ರದಿಂದ ಬಹುಪಾಲು ತೆಗೆಯಬಹುದು. "ಹೊಸ ಬಾವಿಯ ಮಾತು ಹಾಗಿರಲಿ, ಈಗ ಕುಡಿಯುತ್ತಿರುವ ಬಾವಿಯ ನೀರನ್ನು ಮೊದಲು ಪರೀಕ್ಷೆಗೆ ಕಳಿಸಪ್ಪಾ" ಎಂದೆನು. ಬರುವ ಸಂತೆಯ ದಿನ ಸೀಸೆಯಲ್ಲಿ ತುಂಬಿ ತರುವೆನೆಂದು ಹೇಳಿ ಹೋದನು.