ಹೊಲಕ್ಕಿಳಿದ ವಿಮಾನ

ಮೈಸೂರಿನ ಕೆಸರೆಯ ಯಾವುದಾದರೂ ಮನೆಯ ತಾರಸಿ ಹತ್ತಿ ದಕ್ಷಿಣಕ್ಕೆ ನೋಡಿದರೆ ಚಾಮುಂಡಿ ಬೆಟ್ಟ. ಅದರಾಚೆ, ನಂಜನಗೂಡು ರಸ್ತೆಯ ಮಗ್ಗುಲಲ್ಲಿ ಮಂಡಕಳ್ಳಿ ವಿಮಾನ ನಿಲ್ದಾಣ. 1940ರಲ್ಲಿ, ಮೈಸೂರು ಅರಸರ ಕಾಲದಲ್ಲಿ ಶುರುವಾದದ್ದು. ಅಲ್ಲಿನ 1,740 ಮೀಟರ್ ರನ್‌ವೇ ದೊಡ್ಡ ಬೋಯಿಂಗ್‌ಗೆ ಸಾಲದು ಎಂದು ಊರಿನವರು ಗೊಣಗುವುದುಂಟು. ಆದರೆ ನಾಲ್ಕು ಸೀಟಿನ ಸೆಸ್ನಾ ವಿಮಾನಕ್ಕೆ ಅಷ್ಟು ಉದ್ದವೇ ಬೇಡ. ಅದು ಒಮ್ಮೊಮ್ಮೆ ಹೊಲದಲ್ಲೂ ಇಳಿಯುತ್ತದೆ, ಬೇಕೆಂದಲ್ಲ, ಬೇರೆ ದಾರಿಯಿಲ್ಲದೆ.

2023ರ ಮೇ 30ರ ಬೆಳಿಗ್ಗೆ ಬೆಳಗಾವಿಯಲ್ಲಿ ಆದದ್ದು ಅದೇ. ಸಾಂಬ್ರಾ ನಿಲ್ದಾಣದಿಂದ ಇಬ್ಬರನ್ನು ಹೊತ್ತು ಎದ್ದ ಖಾಸಗಿ ತರಬೇತಿ ಸಂಸ್ಥೆಯ ಪುಟ್ಟ ವಿಮಾನ ಸ್ವಲ್ಪ ಹೊತ್ತಿಗೇ ತಾಂತ್ರಿಕ ತೊಂದರೆಗೆ ಸಿಕ್ಕಿ, ಹೊನ್ನಿಹಾಳದ ಬಳಿ ಹೊಲಕ್ಕಿಳಿಯಿತು. ವಿಮಾನಕ್ಕೆ ಪೆಟ್ಟಾಯಿತು. ಒಳಗಿದ್ದವರು ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು.

ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುತ್ತದೆ ಎಂದೇ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ತರಬೇತಿ ಶಾಲೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಸೆಸ್ನಾ 172, ಎಂಜಿನ್ ಸತ್ತ ಮೇಲೂ ಒಂದು ಕಿಲೋಮೀಟರ್ ಎತ್ತರ ಕಳೆದುಕೊಳ್ಳುವಷ್ಟರಲ್ಲಿ ಸುಮಾರು ಒಂಬತ್ತು ಕಿಲೋಮೀಟರ್ ಮುಂದೆ ತೇಲಿ ಹೋಗಬಲ್ಲದು. ಅಷ್ಟು ಎತ್ತರವಿದ್ದರೆ ಒಳ್ಳೆಯ ಜಾಗ ಹುಡುಕಲು ಪುರುಸೊತ್ತು ಸಿಗುತ್ತದೆ. 150 ಮೀಟರ್ ಎತ್ತರದಲ್ಲಿದ್ದಾಗ ಎಂಜಿನ್ ಕೈಕೊಟ್ಟರೆ ಉಳಿಯುವುದು ಸುಮಾರು 1.35 ಕಿಲೋಮೀಟರಿನ ಲೆಕ್ಕ. ಆಗ ರನ್‌ವೇಗೆ ವಾಪಸ್ ತಿರುಗುವ ಆಸೆಯೇ ಮಾರಕ. ತಿರುವಿನಲ್ಲಿ ವಿಮಾನ ಬೇಗ ಕೆಳಗಿಳಿಯುತ್ತದೆ, ವೇಗ ಕಡಿಮೆಯಾದರೆ ರೆಕ್ಕೆಗಳು ಎತ್ತಿ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತವೆ. ಆದ್ದರಿಂದ ಮೂಗಿನ ನೇರಕ್ಕೆ ಇದ್ದ ಹೊಲದಲ್ಲೇ ಇಳಿ ಎಂದು ಕಲಿಸುತ್ತಾರೆ.

ಎತ್ತರವಿಲ್ಲದಿದ್ದರೆ ಸಮಯವೂ ಇಲ್ಲ. 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಎದ್ದ ಸೆಸ್ನಾ 180 ವಿಮಾನ ಕೆಲವೇ ನಿಮಿಷಗಳಲ್ಲಿ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿದ್ದು, ನಟಿ ಸೌಂದರ್ಯ ಸೇರಿ ನಾಲ್ವರು ತೀರಿಕೊಂಡದ್ದನ್ನು ಕನ್ನಡಿಗರು ಮರೆತಿಲ್ಲ.

ಹೊಲದಲ್ಲಿ ಇಳಿಯುವುದು ಅರ್ಧ ಕೆಲಸ, ನಿಲ್ಲುವುದು ಉಳಿದರ್ಧ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟುವ ಬದಲು 110ರಲ್ಲಿ ಮುಟ್ಟಿದರೆ ಹೆಚ್ಚಿದ್ದು ಬರೀ 20. ಆದರೆ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಕರಗಿಸಬೇಕಾದದ್ದು ಸುಮಾರು ಒಂದೂವರೆ ಪಟ್ಟು. ಗಾಳಿಗೆ ಎದುರಾಗಿ ಇಳಿಯುವುದೂ ಇದಕ್ಕೇ. ಇನ್ನು ಮೂಗಿನ ಕೆಳಗಿನ ಪುಟ್ಟ ಚಕ್ರ. ಟಾರಿನ ಮೇಲೆ ಓಡಲೆಂದು ಮಾಡಿದ ಅದು ಉತ್ತ ಮಣ್ಣಿನಲ್ಲಿ ಹೂತರೆ ಅಲ್ಲೇ ಕಚ್ಚಿಕೊಳ್ಳುತ್ತದೆ, ಹಿಂದಿನ ಭಾರ ಮುಂದಕ್ಕೆ ನುಗ್ಗಿ ವಿಮಾನ ಪಲ್ಟಿ ಹೊಡೆಯುತ್ತದೆ. ಹೀಗಾಗಿ ಪೈಲಟ್ ಮೊದಲು ಹಿಂದಿನ ಎರಡು ಚಕ್ರ ಊರಿ, ಮೂಗನ್ನು ಆದಷ್ಟು ಹೊತ್ತು ಎತ್ತಿಯೇ ಹಿಡಿಯುತ್ತಾನೆ. ನೇಗಿಲ ಸಾಲಿನ ಗುಂಟ ಇಳಿಯುವುದೇ ಮೇಲು, ಅಡ್ಡ ಅಲ್ಲ.

ರನ್‌ವೇ ಸಿಕ್ಕರೂ ಕಣ್ಣು ಮೋಸ ಮಾಡುವುದುಂಟು. ಮಂಡಕಳ್ಳಿಯ ರನ್‌ವೇ 30 ಮೀಟರ್ ಅಗಲ, ಬೆಂಗಳೂರು ಕೆಂಪೇಗೌಡ ನಿಲ್ದಾಣದ್ದು 45. ಅಗಲದ್ದಕ್ಕೆ ಹೊಂದಿಕೊಂಡ ಕಣ್ಣಿಗೆ ಕಿರಿದಾದದ್ದು ದೂರದಲ್ಲಿದ್ದಂತೆ ತೋರಿ, ‘ಇನ್ನೂ ಎತ್ತರದಲ್ಲಿದ್ದೇನೆ’ ಎಂದುಕೊಂಡ ಪೈಲಟ್ ಬೇಕಾದ್ದಕ್ಕಿಂತ ಕೆಳಗೆ ಹಾರಿಬರುತ್ತಾನೆ.

ಬೆಳಗಾವಿಯ ಘಟನೆಯಾಗಿ ಎರಡೇ ದಿನಕ್ಕೆ, ಜೂನ್ 1ರಂದು, ಮೈಸೂರಿನ ನೆರೆಯ ಚಾಮರಾಜನಗರದ ಭೋಗಾಪುರದ ಬಳಿ ವಾಯುಪಡೆಯ ಕಿರಣ್ ತರಬೇತಿ ಜೆಟ್ ಬಿದ್ದು ಉರಿಯಿತು. ಇಬ್ಬರು ಪೈಲಟ್‌ಗಳೂ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು, ಅವರ ಆಸನಗಳೇ ಅವರನ್ನು ಹೊರಗೆ ಚಿಮ್ಮಿಸಿದ್ದವು. ಸೆಸ್ನಾದಲ್ಲಿ ಅಂಥ ಆಸನವಿಲ್ಲ. ವಿಮಾನದ ಜೊತೆಗೇ ನೆಲಕ್ಕೆ ಬರಬೇಕು. ಹಾಗಾಗಿ ಅದರ ತುರ್ತು ಪಟ್ಟಿಯಲ್ಲಿ ಇಂಧನ ನಿಲ್ಲಿಸು, ವಿದ್ಯುತ್ ಸ್ವಿಚ್ ಆರಿಸು ಎಂಬುದರ ಜೊತೆಗೆ ಇನ್ನೊಂದು ಸಾಲಿದೆ: ನೆಲ ಮುಟ್ಟುವ ಮುನ್ನ ಬಾಗಿಲಿನ ಚಿಲಕ ತೆಗೆದಿಡು. ಪೆಟ್ಟಿಗೆ ಚೌಕಟ್ಟು ಸೊಟ್ಟಗಾದರೆ ಮುಚ್ಚಿದ ಬಾಗಿಲು ಆಮೇಲೆ ತೆರೆಯುವುದಿಲ್ಲ.